ಅಂಗಿ ತೋಳಿನ ಪರಾಗ

ಮಾರ್ಚ್ ೧೪, ಗುರುವಾರ

ಒಂದು ನಿಟ್ಟುಸಿರು ಎಲ್ಲವನ್ನೂ ಕೆಡಿಸಿತು.

ಹಿತ್ತಲ ಕುಂಡಗಳಲ್ಲಿರುವ ಪುಟ್ಟ ಪಾಮ್‌ಗಳಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಗಂಡು ಹೂ ಉದುರಿದ ಮೇಲೆಯೇ ಹೆಣ್ಣು ಹೂ ಅರಳುವುದು. ಅದಕ್ಕೇ ನನ್ನವಳು ಆಸ್ಪತ್ರೆ ಸೇರುವ ಹಿಂದಿನ ದಿನ ಪರಾಗ ಕೊಡವಿ, ಕಾಗದದಲ್ಲಿ ಮಡಿಚಿ ಫ್ರಿಜ್‌ನಲ್ಲಿಟ್ಟಿದ್ದಳು. ತಿರುಗಿ ಬರಲಿಲ್ಲ. ಹೆಣ್ಣು ಗಿಡ ಇವತ್ತು ಅರಳಿತು.

ಹೂವಿಗೆ ಪರಾಗ ಸವರುವಾಗ ಪ್ರತಿ ಸಲವೂ ಕುಂಚ ಅವಳ ಕೈಯಲ್ಲಿ, ಪೊಟ್ಟಣ ನನ್ನ ಕೈಯಲ್ಲಿ. "ಉಸಿರು ಬಿಗಿಹಿಡೀರಿ ಅಂದ್ರೆ, ಒಳ್ಳೇ ಕಮ್ಮಾರನ ತಿದಿ ಥರ ಊದ್ತೀರಲ್ಲ!" ಎಂದು ಬೈಯುತ್ತಿದ್ದಳು. ಇವತ್ತು ಬೈಯುವವರಿರಲಿಲ್ಲ. ಅವಳು ಮಡಿಚಿದ ಮಡಿಕೆ ಬಿಚ್ಚುವಾಗ ನಿಟ್ಟುಸಿರು ಬಂದೇಬಿಟ್ಟಿತು. ಹಳದಿ ಪುಡಿಯೆಲ್ಲ ಹಾರಿಹೋಯಿತು. ಉಳಿದದ್ದು ನನ್ನ ಅಂಗಿಯ ತೋಳಿಗೆ ಮೆತ್ತಿಕೊಂಡಷ್ಟೇ.

ಕುಂಚ ಬಿಸಾಕಿ, ತೋಳನ್ನೇ ಹೂಗೊಂಚಲಿಗೆ ಸವರಿದೆ. ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಸಂಜೆ ಸೊಸೆ ಕೇಳಿದಳು: "ಮಾವ, ಆ ಅಂಗಿ ಕೊಡಿ, ಒಗೆಯೋಕೆ ಹಾಕ್ತೀನಿ. ತೋಳೆಲ್ಲ ಧೂಳಾಗಿದೆ."

"ಇರ್ಲಿ ಬಿಡಮ್ಮ, ಅದು ಧೂಳಲ್ಲ."

ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಕಾಯಿ ಕಟ್ಟುತ್ತದೋ ಇಲ್ಲವೋ. ಸೆಕೆ ತಡೆಯಲಾಗುತ್ತಿಲ್ಲ, ಆದರೂ ಫ್ಯಾನ್ ಹಾಕಿಲ್ಲ. ಉಸಿರನ್ನೂ ಮೆಲ್ಲಗೇ ಬಿಡುತ್ತಿದ್ದೇನೆ ಕಣೇ, ನೀನು ಹೇಳಿದ ಹಾಗೇ.