ಸೀನಣ್ಣನ ಪಾಯಿಂಟ್

ನವೆಂಬರ್ ೧೪, ಶುಕ್ರವಾರ. ರಿಯಾದ್

ಸೆಮಿಫೈನಲ್ ಗೆದ್ದೆವು. ಆದರೂ ಸೀನಣ್ಣನಿಗೆ ಹೇಳಿದ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಇವತ್ತೂ ಅವನ ಓವರಿನಲ್ಲಿ ರನ್ನೇ ಬರಲಿಲ್ಲ. ಚಡಪಡಿಸಿದ ಬ್ಯಾಟರ್‌ಗಳು ಮುಂದಿನ ಓವರಿನಲ್ಲಿ ನಮ್ಮ ಇನ್ನೊಬ್ಬ ಬೌಲರ್ ರಂಜಿತ್‌ಗೆ ಬೀಸಲು ಹೋಗಿ ಔಟಾದರು. ವಿಕೆಟ್ ರಂಜಿತ್‌ನದು, ಪಾಯಿಂಟೂ ಅವನದೇ. ನಮ್ಮ ಕಂಪೆನಿ ಕ್ಯಾಂಪಿನವರು ಮೊಬೈಲಿನಲ್ಲಿ ಫ್ಯಾಂಟಸಿ ಲೀಗ್ ಆಡುತ್ತಾರೆ: ನಮ್ಮ ಆಟಗಾರರಲ್ಲೇ ಕೆಲವರನ್ನು ಆರಿಸಿ ತಂಡ ಕಟ್ಟುವುದು, ಅವರು ಗಳಿಸಿದ ಪಾಯಿಂಟ್ ಆರಿಸಿದವನಿಗೆ. ಅದರಲ್ಲಿ ರನ್ ಹೊಡೆದವನಿಗೆ, ವಿಕೆಟ್ ತೆಗೆದವನಿಗೆ ಪಾಯಿಂಟ್. ರನ್ ತಡೆದವನಿಗೆ ಏನೂ ಇಲ್ಲ. ಎಂಥ ಲೆಕ್ಕ ಇದು! ಅಲ್ಲಿ ರಂಜಿತ್ ಎಲ್ಲರಿಗಿಂತ ಮೇಲೆ, ಸೀನಣ್ಣ ಎಲ್ಲರಿಗಿಂತ ಕೆಳಗೆ. ಅವನನ್ನು ಯಾರೂ ತಮ್ಮ ಮೊಬೈಲ್ ತಂಡಕ್ಕೆ ಆರಿಸಿಲ್ಲ. ಕ್ಯಾಪ್ಟನ್ ಆದ ನಾನೂ ಆರಿಸಿಲ್ಲ.

ಮುಂದಿನ ಶುಕ್ರವಾರ ಫೈನಲ್. ಅದೇ ಅವನ ಕೊನೆಯ ಆಟ. ಎಕ್ಸಿಟ್ ವೀಸಾ ಆಗಿದೆ, ಕುಂದಾಪುರಕ್ಕೆ ಹೋದರೆ ಮತ್ತೆ ಬರುವುದಿಲ್ಲ.

ಕಂಪೆನಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿದ: "ಆ ಮೊಬೈಲ್ ಆಟದಲ್ಲಿ ನನ್ನನ್ನು ಯಾರಾದ್ರೂ ತಗೊಂಡಿದ್ದಾರಾ ಮಾರಾಯ?"

"ನಾನು ತಗೊಂಡಿದ್ದೇನಲ್ಲ, ಸೀನಣ್ಣ" ಎಂದುಬಿಟ್ಟೆ.

ಅವನ ಮುಖ ಅರಳಿತು. "ಹೌದಾ? ಹಾಗಾದ್ರೆ ನಿನಗೆ ಪಾಯಿಂಟ್ ಬರ್ಬೇಕಲ್ಲ. ಫೈನಲ್‌ನಲ್ಲಿ ನಾನು ವಿಕೆಟ್ ತೆಗೀಲಿಕ್ಕೇ ಹಾಕ್ತೇನೆ, ನೋಡು."

ವಿಕೆಟ್ಟಿನ ಆಸೆಗೆ ಬಿದ್ದರೆ ಹೊಡೆಸಿಕೊಳ್ಳುತ್ತಾನೆ. ರಂಜಿತ್‌ಗೂ ವಿಕೆಟ್ ಬೀಳುವುದಿಲ್ಲ. ಸೋಲುತ್ತೇವೆ. ಅದಕ್ಕೆ ಮುಂಚೆ ನಾನು ನಿಜ ಹೇಳಲೇಬೇಕು. ಹೇಳಿದರೆ ಅವನು ಎಂದಿನಂತೆ ರನ್ ಬಿಡದೆ ಬೌಲ್ ಮಾಡಿ ನಮ್ಮನ್ನು ಗೆಲ್ಲಿಸುತ್ತಾನೆ. ಗೆಲ್ಲಿಸಿ ಊರಿಗೆ ಹೋಗುತ್ತಾನೆ, ತನ್ನನ್ನು ಯಾರೂ ಆರಿಸಿರಲಿಲ್ಲ ಎಂದು ತಿಳಿದುಕೊಂಡು.