ತೊಟ್ಟಿಲ ಕುಂಕುಮಕ್ಕೊಂದು ಅಫಿಡವಿಟ್ಟು

ನಿಪ್ಪಾಣಿ
ತಾ. ೧೨–೨–೧೯೮೯, ರವಿವಾರ

ಪ್ರೀತಿಯ ತಂಗಿ ಕಾಶಿಬಾಯಿಗೆ, ಅಣ್ಣ ದಾದಾಸಾಹೇಬನ ಜಯ ಜಿನೇಂದ್ರ.

ನಿನ್ನ ಮೊಣಕಾಲು ಹೇಗಿದೆ? ಲೆಸ್ಟರಿನ ಆ ಹಿಮದಲ್ಲಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಬೇಡ ಎಂದು ಹೋದ ಸಲವೂ ಬರೆದಿದ್ದೆ. ನೀನು ಕೇಳುವವಳಲ್ಲ. ನಿನ್ನ ಯಜಮಾನರು ಬಾಪುಸಾಹೇಬರ ಕೆಮ್ಮು ನಿಂತಿತೇ? ಮಗಳು ಸುಗಂಧಾ ಆರಾಮವೇ? ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಸಿಟ್ಟೊಂದು ಬಿಟ್ಟರೆ ಮನೆಯಲ್ಲಿ ಬೇರೆ ರೋಗವಿಲ್ಲ.

ನೀನು ಕಳಿಸಿದ ಪೇಪರಿನ ತುಣುಕು, ಅಲ್ಲಿಯ ವಕೀಲ ಸಾಲಿಸಿಟರನ ಪತ್ರ ಎರಡೂ ಮುಟ್ಟಿದವು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನಿಗೆ ಇಂಗ್ಲಿಷಿನಲ್ಲಿ ಕಾಯದೆ ಕಳಿಸಿದರೆ ನಾನೇನು ಅದನ್ನು ಉಪ್ಪಿನಕಾಯಿ ಹಾಕಲೇ? ಚಿಕ್ಕೋಡಿಯ ಬಸ್ಸು ಹತ್ತಿ ಪಾರಿಸ ವಕೀಲನ ಹತ್ತಿರ ಓದಿಸಿದೆ. ತುಣುಕಿನ ಮೇಲಿನ ಅರ್ಧದಲ್ಲಿ ಅಂಗಡಿಯವರು ರವಿವಾರ ಏನು ಮಾರಬಹುದು, ಏನು ಮಾರಬಾರದು ಎಂಬ ಸಲಹೆ. ಅವನು ಅದನ್ನೇ ರಾಗವಾಗಿ ಓದುತ್ತ ಕುಳಿತ. "ಲೇ, ನನ್ನ ಮಗನ ವಿಷಯಾ ಓದೋ, ನಾ ಏನ್ ಅಲ್ಲಿ ಅಂಗಡಿ ಇಡಾಕ ಹೊಂಟೇನೇನ?" ಎಂದು ಬೈದ ಮೇಲೆ ಕೆಳಗಿನ ಅರ್ಧಕ್ಕೆ ಇಳಿದ. ಅಲ್ಲಿಯ ಹುಡುಗಿಯನ್ನು ಮದುವೆಯಾಗಲು ಹೊರದೇಶದಿಂದ ಬರುವ ಗಂಡು, ತಾನು ಬರುತ್ತಿರುವುದು ಹುಡುಗಿಗಾಗಿ, ಆ ದೇಶದಲ್ಲಿ ನೆಲೆಯೂರುವುದಕ್ಕಾಗಿ ಅಲ್ಲ ಎಂದು ತಾನೇ ರುಜುವಾತು ಮಾಡಬೇಕಂತೆ. ಮನಸ್ಸಿನೊಳಗಿನದಕ್ಕೆ ರುಜುವಾತು ಎಲ್ಲಿಂದ ತರುವುದು? ಎದೆ ಕೊಯ್ದು ಟೇಬಲ್ಲಿನ ಮೇಲೆ ಇಡಬೇಕೇ?

ಮುಂಬಯಿಯ ವೀಸಾ ಕಚೇರಿಯಲ್ಲಿ ಆದದ್ದನ್ನು ಶ್ರೀಪಾಲ ನಿನಗೆ ಅರ್ಧಮರ್ಧ ಬರೆದಿರುತ್ತಾನೆ. ಮೋಟರ್ ರಿವೈಂಡಿಂಗ್ ಮಾಡುವಾಗ ಚುರುಕು, ಮಾತಿನಲ್ಲಿ ನನ್ನ ಮಗ ಮೊದಲಿನಿಂದಲೂ ಮೊದ್ದು. ನಿಮ್ಮಲ್ಲಿ ಮದುವೆಯಾದ ಮೇಲೆ ಯಾರು ಯಾರ ಮನೆಗೆ ಹೋಗುತ್ತಾರೆ ಎಂದು ವೀಸಾ ಸಾಹೇಬ ಕೇಳಿದನಂತೆ. ಇವನು ಮಾನ ಕಾಯಲು ಹೋಗಿ, "ಹೆಣ್ಣು ಗಂಡನ ಮನಿಗಿ ಬರ್ತಾಳ್ರಿ, ಮನಿ ಅಳಿಯಾ ಆಗೂದು ನಮ್ಮಲ್ಲಿ ಮರ್ಯಾದಿ ಅಲ್ರಿ" ಎಂದ. ಹಾಗಾದರೆ ನೀನೇಕೆ ಹೊರಟೆ ಎಂದು ಸಾಹೇಬ ಅಲ್ಲಿಯೇ ಹಿಡಿದುಕೊಂಡ. ಹುಡುಗಿಯನ್ನು ಯಾವಾಗ ಒಪ್ಪಿದೆ ಎಂದದ್ದಕ್ಕೆ, ಹೋದ ವರ್ಷ ನೀವು ಊರಿಗೆ ಬಂದಾಗ ಸುಗಂಧಾಳನ್ನು ನೋಡಿ ಒಪ್ಪಿದೆ ಎಂದ. ಹುಡುಗಿಯನ್ನು ಒಪ್ಪಿದೆಯೋ ಅವಳ ಪಾಸ್‌ಪೋರ್ಟನ್ನೋ ಎಂದು ಸಾಹೇಬ ನಕ್ಕು, ವೀಸಾ ಇಲ್ಲ ಎಂದು ಕಳಿಸಿಬಿಟ್ಟ.

ಹೋದ ವರ್ಷ ಒಪ್ಪಿದೆ ಎಂಬ ಆ ಉತ್ತರ ಕಲಿಸಿಕೊಟ್ಟವರು ನಾನು ಮತ್ತು ಪಾರಿಸ. ತೊಟ್ಟಿಲಲ್ಲಿ ಕುಂಕುಮ ಹಚ್ಚಿದ ಸುದ್ದಿಯನ್ನು ಮಾತ್ರ ಎತ್ತಬೇಡ, ಬಾಲವಿವಾಹ ಎಂದು ಬಿಳಿಯರು ಜೈಲಿಗೆ ತಳ್ಳುತ್ತಾರೆ ಎಂದು ಅಂಜಿಸಿ ಕಳಿಸಿದ್ದೆವು. ಈಗ ನಿನ್ನ ಸಾಲಿಸಿಟರ್ ಬರೆಯುತ್ತಾನೆ, ಅಪೀಲಿನಲ್ಲಿ ಕೈ ಹಿಡಿಯುವುದು ಅದೊಂದೇ ಎಂದು! ಸುಗಂಧಾಳಿಗೆ ಹೆಸರಿಟ್ಟ ದಿನ ನಮ್ಮ ಅವ್ವ ಅವಳ ಹಣೆಗೆ ಕುಂಕುಮ ಹಚ್ಚಿ, "ಈಕಿ ನಮ್ಮ ಶ್ರೀಪಾಲನ ಹೇಣತಿ" ಎಂದಾಗ ಬಾಪುಸಾಹೇಬರು ಇಲ್ಲಿಯೇ ತಂಬಾಕಿನ ವಖಾರಿಯಲ್ಲಿ ಕಾರಕೂನರು. ವಿಲಾಯತಿಯ ಮಾತು ಯಾರ ಕನಸಿನಲ್ಲೂ ಇರಲಿಲ್ಲ. ಅಂದ ಮೇಲೆ ಈ ಸಂಬಂಧ ವೀಸಾಕ್ಕಾಗಿ ಅಲ್ಲ ಎಂದು ತಾನಾಗಿ ಸಿದ್ಧವಾಗುತ್ತದೆಯಂತೆ. ಅದಕ್ಕೆ ಕಣ್ಣಾರೆ ಕಂಡ ನನ್ನ ಅಫಿಡವಿಟ್ಟು ಬೇಕಂತೆ. ಹೇಳಿದ್ದು ಬೇಡ, ಮುಚ್ಚಿಟ್ಟದ್ದು ಬೇಕು. ಇದು ಯಾವ ಊರಿನ ನ್ಯಾಯವೋ ನನಗಂತೂ ತಿಳಿಯದು. ಇರಲಿ. ಚಿಕ್ಕೋಡಿಯ ಕೋರ್ಟಿನ ಮುಂದೆ ಟೈಪು ಮಾಡಿಸಿ, ನೋಟರಿಯ ಮುಂದೆ ಸಹಿ ಮಾಡಿದ್ದೇನೆ.

ಬಾಪುಸಾಹೇಬರಿಗೆ ನಮಸ್ಕಾರ. ಸುಗಂಧಾಳ ತಲೆಯ ಮೇಲೆ ನನ್ನ ಕೈ ಇದೆ ಎಂದು ತಿಳಿಸು. ಮೊಣಕಾಲಿಗೆ ಎಳ್ಳೆಣ್ಣೆ ಕಾಸಿ ತಿಕ್ಕಿಕೋ.

ನಿನ್ನ ಅಣ್ಣ,
ದಾದಾಸಾಹೇಬ

ತಾ.ಕ.: ಅಫಿಡವಿಟ್ಟನ್ನು ಇದರ ಜೊತೆ ಇಟ್ಟಿಲ್ಲ, ಹುಡುಕಬೇಡ. ಟೈಪು ಮಾಡಿಸುವಾಗ ಪಾರಿಸ, "ಕಾಕಾ, ಅವತ್ತ ಹುಡುಗಿ ಏನಂದ್ಳು, ಒಪ್ಪಿದ್ಳು ಅಂತ ಹಾಕಲ್ರಿ?" ಎಂದ. "ಹುಚ್ಚಪ್ಪಾ, ಅದ ತೊಟ್ಟಿಲಾಗಿನ ಕೂಸು, ಮಲಗಿತ್ತು" ಎಂದು ಬೈದೆ. ಬಸ್ಸಿನಲ್ಲಿ ಬರುವಾಗ ತಲೆ ಕೆಟ್ಟಿತು. ಹೋದ ವರ್ಷ ನಿಶ್ಚಯದ ಸಾಖರಪುಡಾದಲ್ಲಿ ನಾವೆಲ್ಲ ಅವಳ ಬಾಯಿಗೆ ಸಕ್ಕರೆ ಹಾಕಿದ್ದೇ ಹಾಕಿದ್ದು. ಆ ಬಾಯಿಂದ ಒಂದು ಮಾತು ಬಂದದ್ದನ್ನು ನಾನು ಕೇಳಲಿಲ್ಲ. ನೀನು ಕೇಳಿದ್ದೀಯಾ? ಶ್ರೀಪಾಲನನ್ನು ಕೇಳಿದರೆ, "ನನಗ ಹೆಂಗ ಗೊತ್ತಪ್ಪಾ, ನೀವ್ಯಾರೂ ನಮ್ಮಿಬ್ಬರನ್ನ ಮಾತಾಡಾಕ ಬಿಟ್ಟೇ ಇಲ್ಲಲಾ" ಎನ್ನುತ್ತಾನೆ. ಅವನು ಬರುವುದು ಅವಳಿಗೆ ಬೇಕೋ ಬೇಡವೋ ಸುಗಂಧಾಳೇ ನನಗೆ ಎರಡು ಸಾಲು ಬರೆಯಲಿ. ಇಂಗ್ಲಿಷಾದರೂ ಸರಿ, ಓದಿಸಿಕೊಳ್ಳುತ್ತೇನೆ. ನೀನು ಒಡೆದು ನೋಡಬೇಡ, ಪಕ್ಕದಲ್ಲಿ ನಿಂತು ಹೇಳಿಕೊಡಬೇಡ. ಬೇಕು ಎಂದರೆ ಮರುದಿನವೇ ಅಫಿಡವಿಟ್ಟನ್ನು ರಜಿಸ್ಟರ್ ಟಪಾಲಿನಲ್ಲಿ ಕಳಿಸುತ್ತೇನೆ. ಬೇಡ ಎಂದರೆ ನನಗೆ ಸಿಟ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತೇನೆ, ಅವಳ ಮೇಲಲ್ಲ ಎಂದು ಅವಳಿಗೆ ಹೇಳು.