ಬಟನ್ ಒತ್ತುವ ಮೊದಲಿನ ನಿಮಿಷ

ವಿಲಾ ಸೆರೆನಾ
ಆಗಸ್ಟ್ 15

ನನ್ನ ಜಾಸಿಯೆಲ್,

ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೆ? ಜೈಲಿನ ಕಾಫಿಯನ್ನು ಬರಿ ಹೊಟ್ಟೆಯಲ್ಲಿ ಕುಡಿಯಬೇಡ ಎಂದು ನಿನ್ನ ಹೆಂಡತಿ ಜುಸಾರಾ ನೂರು ಸಲ ಹೇಳಿದ್ದಾಳೆ, ನೀನು ಕೇಳುವವನಲ್ಲ. ಹೋದ ವಾರ ಅವಳ ಕೈಯಲ್ಲಿ ಕಳಿಸಿದ ಜೋಳದ ಕೇಕನ್ನು ಕಾವಲಿನವರು ಚಾಕುವಿನಿಂದ ಚುಚ್ಚಿ ಚುಚ್ಚಿ ಪುಡಿ ಮಾಡಿದರಂತೆ. ನಮ್ಮವರೇ, ನಮ್ಮ ಪೊಲೀಸ್ ಸಮವಸ್ತ್ರವನ್ನೇ ತೊಟ್ಟವರು. ನಾನೂ ಎಷ್ಟು ತಾಯಂದಿರ ಬುತ್ತಿ ಚುಚ್ಚಿದ್ದೇನೋ. ನನ್ನ ಮಂಡಿ ಹಾಗೆಯೇ ಇದೆ, ಗುಡ್ಡದ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರುತ್ತೇನೆ.

ಸೋಮವಾರ ಕೋರ್ಟಿನಲ್ಲಿ ಡ್ಯೂಟಿಯಲ್ಲಿ ನಿನ್ನ ಎದೆಗೆ ಸಿಕ್ಕಿಸಿದ್ದ ಕ್ಯಾಮೆರಾದ ವಿಡಿಯೋ ತೋರಿಸಿದರಲ್ಲ, ನೀನು ತಲೆ ತಗ್ಗಿಸಿಯೇ ಕೂತಿದ್ದೆ. ನಾನು ನೋಡಿದೆ. ಗ್ಯಾಸ್ ಸಿಲಿಂಡರ್ ಹಂಚುವ ಎದ್ನಾಲ್ಡೊ ಮೊದಲು ಗುಂಡು ಹಾರಿಸಿದ ಎಂದು ನೀನು ವರದಿಯಲ್ಲಿ ಬರೆದಿದ್ದೀಯ. ಚಿತ್ರದಲ್ಲಿ ಅವನು ಬೈಕಿನ ಪಕ್ಕ ಎರಡೂ ಕೈ ಎತ್ತಿ ನಿಂತಿದ್ದಾನೆ. ಶಬ್ದವಿಲ್ಲ. ನಿನ್ನ ಗುಂಡು ತಗಲಿ ಹಾಗೆಯೇ ಬೀಳುತ್ತಾನೆ. ನಿನ್ನ ಎಡಗೈ ಮುಂದೆ ಬಂದು ಅವನ ಪಕ್ಕದಲ್ಲಿ ಒಂದು ಪಿಸ್ತೂಲು ಇಡುತ್ತದೆ. ಆಮೇಲೆ ಶಬ್ದ ಶುರುವಾಗುತ್ತದೆ, ನಿನ್ನ ದನಿ: "ಪಿಸ್ತೂಲ್ ಕೆಳಗಿಡೋ! ಕೆಳಗಿಡೋ ಅಂದ್ರೆ!" ಸತ್ತು ಬಿದ್ದವನಿಗೆ ನೀನು ಕೂಗುತ್ತಿದ್ದೀಯ. ನಾನು ಎದ್ದು ಹೊರಗೆ ಹೋದೆ ಮಗಾ.

ಆ ಬುದ್ಧಿ ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಹೋದ ವರ್ಷ ಅಪ್ಪಂದಿರ ದಿನ ಹಿತ್ತಿಲಲ್ಲಿ ಮಾಂಸ ಸುಡುತ್ತಿದ್ದೆವು. ಎದೆಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಕೆಲಸ ಮಾಡಿದರೆ ಉಸಿರು ಕಟ್ಟುತ್ತದೆ ಎಂದು ನೀನು ಗೋಳಾಡಿದಾಗ ನಾನು ಬಿಯರ್ ಗ್ಲಾಸು ಹಿಡಿದುಕೊಂಡು ಮಹಾ ತಿಳಿದವನ ಹಾಗೆ ಹೇಳಿದೆ: "ಅದಕ್ಯಾಕೋ ಹೆದರ್ತೀಯ ದಡ್ಡ? ಎಲ್ಲ ಮುಗ್ಸು, ಜಾಗ ಸರಿ ಮಾಡು, ಆಮೇಲೆ ಬಟನ್ ಒತ್ತು. ಒತ್ತೋ ತನಕ ಅದು ನಿದ್ದೆ ಮಾಡ್ತಿರುತ್ತೆ." ನಮ್ಮ ಕಾಲದಲ್ಲಿ ಕಾಗದ ನಾವು ಬರೆದಷ್ಟೇ ಹೇಳುತ್ತಿತ್ತು. 'ಎದುರು ಬಿದ್ದ, ಸತ್ತ' ಎಂದು ನಾನೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ, ಎಷ್ಟು ಸಲ ಎಂದು ಕೇಳಬೇಡ. ಬಟನ್ ಒತ್ತುವುದಕ್ಕೆ ಮುಂಚಿನ ಒಂದೂವರೆ ನಿಮಿಷವನ್ನು ಆ ಯಂತ್ರ ಶಬ್ದವಿಲ್ಲದೆ ಉಳಿಸಿಕೊಂಡಿರುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ನೀನು ಆ ದಿನ ಹಾಜರಿಗೆ ಸಹಿ ಹಾಕಿ, ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಫುಟ್ಬಾಲ್ ನೋಡಲು ಮನೆಗೆ ಬಂದೆ. ನಾನೇ ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟೆ.

ನಿನ್ನ ವಕೀಲ ಪೆಲೆಗ್ರಿನೊ ನಿನ್ನೆ ಬಂದಿದ್ದ. ನಿನ್ನ ಕ್ಯಾಮೆರಾ ಆ ತಿಂಗಳು ಎರಡು ಸಲ ರಿಪೇರಿಗೆ ಹೋಗಿದ್ದು ನಿಜವಂತೆ. ಅದನ್ನೇ ಹಿಡಿದುಕೊಂಡು, ಕೆಟ್ಟ ಯಂತ್ರದ ಚಿತ್ರ ನಂಬಬಾರದು ಎಂದು ವಾದಿಸುತ್ತಾನೆ. "ಸಾರ್ಜೆಂಟ್ ಸಾಹೇಬ್ರೇ, ಇವತ್ತೂ ಕ್ಯಾಮೆರಾ ಕೆಟ್ಟಿದೆ ಅಂತ ಆ ಬೆಳಿಗ್ಗೆ ಮಗ ಫೋನ್ ಮಾಡಿದ್ದ ಅನ್ನಿ, ಸಾಕು. ಮೂವತ್ತು ವರ್ಷ ಸರ್ವೀಸ್ ಮಾಡಿದೋರು, ನಿಮ್ಮ ಮಾತು ಯಾರು ತೆಗೆದುಹಾಕ್ತಾರೆ? ಇಲ್ಲಾಂದ್ರೆ ಅವನಿಗೆ ಇಪ್ಪತ್ತು ವರ್ಷ ಗ್ಯಾರಂಟಿ." ನೀನೇ ಹೇಳಿ ಕಳಿಸಿದೆ ಎಂದೂ ಅಂದ. ಜುಸಾರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಇವತ್ತು ಮಧ್ಯಾಹ್ನ ಸರ್ಕಾರಿ ವಕೀಲರ ಕಚೇರಿಯಲ್ಲಿ ನನ್ನ ಹೇಳಿಕೆ. ನಿನ್ನನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಎಂದೂ ಹೇಳಿದವನಲ್ಲ, ಈಗ ಹೇಳುತ್ತಿದ್ದೇನೆ.

ಜುಸಾರಾ ನಿನ್ನನ್ನು ನೆನೆಯುತ್ತಿರುತ್ತಾಳೆ. ದೇವರು ನಿನ್ನ ಮೇಲೆ ಕೈಯಿಟ್ಟಿರಲಿ.

ನಿನ್ನ ಅಪ್ಪ,
ಒತೋನಿಯೆಲ್

ತಾ.ಕ.: ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಹೇಳಿಕೆ ಕೊಟ್ಟು ಈಗಷ್ಟೇ ಬಂದೆ. ನೀನು ಫೋನ್ ಮಾಡಿರಲಿಲ್ಲ, ಬಟನ್ ಆಮೇಲೆ ಒತ್ತು ಎಂದು ಕಲಿಸಿದವನು ನಾನೇ ಎಂದು ಹೇಳಿ ಸಹಿ ಹಾಕಿದೆ. ಪೆಲೆಗ್ರಿನೊ ಬಾಯಿಗೆ ಬಂದಂತೆ ಬೈದ, ನೀನೂ ಬೈಯಿ. ಹೊರಗೆ ಬೆಂಚಿನ ಮೇಲೆ ಎದ್ನಾಲ್ಡೊನ ತಾಯಿ ಜುರೆಮಾ ಕೂತಿದ್ದಳು. ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ. "ಆ ವಿಡಿಯೋದಲ್ಲಿ ನನ್ ಮಗನ ತುಟಿ ಅಲ್ಲಾಡುತ್ತಲ್ಲ ಸಾರ್ಜೆಂಟ್ರೇ, ಶಬ್ದ ಇಲ್ಲ. ಕೊನೇಗೆ ಏನಂದ ಅಂತ ನಿಮ್ಮ ಹುಡುಗನ್ನ ಕೇಳ್ತೀರಾ?" ಅಂದಳು. ಆ ಮಾತು ಬಿದ್ದಿರುವುದು ನಿನ್ನ ಕಿವಿಗೊಂದೇ, ಜಾಸಿಯೆಲ್. ನನಗೆ ಬರೆಯದಿದ್ದರೂ ಸರಿ, ಅವಳಿಗೆ ಬರೆ.